ಬಟ್ಟೆಗೆ ಬಣ್ಣ ಹಾಕುವ ನಮ್ಮ ಅಂಗಡಿಯಲ್ಲಿ ಯಾರೂ ಸಾಯದಿದ್ದುದಕ್ಕೆ ವಿವರಣೆ

ಪರವಾನಗಿ ವಿಭಾಗದ ಮುಖ್ಯಸ್ಥರ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ಕಳೆದ ಸೋಮವಾರ ನಿಮ್ಮ ಕಚೇರಿಯಿಂದ ನಮಗೊಂದು ನೋಟಿಸು ಬಂದಿದೆ. ಹನ್ನೆರಡು ತಿಂಗಳಲ್ಲಿ ನಮ್ಮ ಅಂಗಡಿಯಲ್ಲಿ ಒಬ್ಬರೇ ಒಬ್ಬರೂ ಸತ್ತಿಲ್ಲವೇಕೆ ಎಂದು ಏಳು ದಿನಗಳೊಳಗೆ ಲಿಖಿತ ವಿವರಣೆ ಕೊಡಬೇಕಂತೆ. "ಪ್ರವೇಶ: ಒಂದು. ಮರಣ: ಸೊನ್ನೆ. ಸಾಧನೆ: ಶೇಕಡಾ ಸೊನ್ನೆ" ಎಂದು ಟೈಪು ಮಾಡಿಸಿ, ಸೊನ್ನೆಗಳ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕಳಿಸಿದ್ದೀರಿ. ಪರವಾನಗಿ ಕೊಟ್ಟ ಉದ್ದೇಶವೇ ಈಡೇರದಿರುವಾಗ ಅದನ್ನು ಯಾಕೆ ರದ್ದು ಮಾಡಬಾರದು ಎಂದೂ ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದದ್ದೇ. ಸಾಯಿಸಲೆಂದು ಪರವಾನಗಿ ಪಡೆದವರು ವರ್ಷಪೂರ್ತಿ ಕೈಕಟ್ಟಿ ಕೂತರೆ ಯಾವ ಅಧಿಕಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಆದರೆ ಸ್ವಾಮಿ, ನಮ್ಮದು ಬಟ್ಟೆಗೆ ಬಣ್ಣ ಹಾಕುವ ಅಂಗಡಿ.

ಇಂಗ್ಲಿಷಿನಲ್ಲಿ ಡೈಯಿಂಗ್ ಎಂದರೆ ಬಣ್ಣ ಹಾಕುವುದು. ಡೈಯಿಂಗ್ ಎಂದರೆ ಸಾಯುವುದು. ಹೇಳುವಾಗ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬರೆಯುವಾಗ ಮಾತ್ರ ಬಣ್ಣ ಹಾಕುವ ಡೈಯಿಂಗಿನ ಹೊಟ್ಟೆಯೊಳಗೆ ಒಂದು 'ಇ' ಇರುತ್ತದೆ. ಡಿ, ವೈ, ಇ, ಆಮೇಲೆ ಉಳಿದದ್ದು. ಆ 'ಇ' ತೆಗೆದರೆ ಮನುಷ್ಯ ಹೋದ ಎಂದೇ ಲೆಕ್ಕ. ನಮ್ಮ ಮಾವನವರ ಕಾಲದಲ್ಲಿ ಕೈಬರಹದಲ್ಲಿ ಕೊಟ್ಟ ಪರವಾನಗಿಯಲ್ಲಿ ಈ 'ಇ' ಗುಂಡಗೆ, ತುಂಬಿದ ಕೆನ್ನೆಯ ಮಗುವಿನ ಹಾಗೆ ಕೂತಿತ್ತು. ಕಳೆದ ವರ್ಷ ನೀವು ಹಳೆಯ ಕಡತಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದಿರಿ. ಏರುವ ಗಡಿಬಿಡಿಯಲ್ಲಿ ಅದು ಎಲ್ಲೋ ಜಾರಿ ಬಿತ್ತು. ಬಿದ್ದದ್ದು ಒಂದಕ್ಷರ. ಆದರೆ ನಿಮ್ಮ ಕಂಪ್ಯೂಟರು ನಮ್ಮನ್ನು ಸೀದಾ ಎತ್ತಿ, ಜವಳಿ ಕೆಲಸದವರ ಸಾಲಿನಿಂದ ತೆಗೆದು, "ಅಂತ್ಯಕಾಲದ ಆರೈಕೆ ಮನೆಗಳು" ಎಂಬ ಸಾಲಿಗೆ ಹಾಕಿಬಿಟ್ಟಿತು. ಹೊಸ ಪರವಾನಗಿ ಬಂದಾಗ ನಮಗೂ ಗೊತ್ತಾಗಲಿಲ್ಲ, ಒಪ್ಪಿಕೊಳ್ಳುತ್ತೇನೆ. ಕಾಗದ ದಪ್ಪಗಿತ್ತು, ಅಂಚಿನಲ್ಲಿ ಬಳ್ಳಿ ಚಿತ್ರವಿತ್ತು. ನಾನೇ ಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ನೇತುಹಾಕಿದೆ.

ಈ ವಿಷಯ ತಿಳಿಸಿ ನಿಮಗೆ ನಾಲ್ಕು ಪತ್ರ ಬರೆದಿದ್ದಾಯಿತು. ಅವಕ್ಕೆ ಬಂದ ಉತ್ತರ ನೋಡಿದ ಮೇಲೆ ಐದನೆಯದನ್ನು ನಿಮ್ಮೊಬ್ಬರಿಗೇ ಬರೆಯುವ ಧೈರ್ಯ ಉಳಿದಿಲ್ಲ. ಆದ್ದರಿಂದ ಇದನ್ನು ಊರಿನವರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ. ನೀವು ಓದದಿದ್ದರೂ ಓದಿದವರು ಯಾರಾದರೂ ನಿಮಗೆ ಓದಿ ಹೇಳಿಯಾರು.

ಮೊದಲು ನಿಮ್ಮ ಆರೋಗ್ಯ ನಿರೀಕ್ಷಕರ ಕಥೆ. ಹೊಸ ಪರವಾನಗಿ ಬಂದ ಮೂರನೆಯ ವಾರ ಅವರು ನಮ್ಮ ಅಂಗಡಿಗೆ ಬಂದರು. ತೆಳ್ಳನೆಯ, ಮೆತ್ತಗೆ ಮಾತಾಡುವ ಮನುಷ್ಯ. ಆ ಹೊತ್ತಿಗೆ ನಾನು ಹಿಂದಿನ ಕೋಣೆಯಲ್ಲಿ ಕಂದು ಬಣ್ಣದ ಹಂಡೆ ಕಲಕುತ್ತಿದ್ದೆ. ಮುಂದೆ ಕೂತಿದ್ದವರು ನಮ್ಮತ್ತೆ. ಎಪ್ಪತ್ತೆರಡು ವರ್ಷ, ಎಡಗಿವಿ ಸ್ವಲ್ಪ ಮಂದ, ಮಾತು ಮಾತ್ರ ಚುರುಕು. ಗೋಡೆಯ ಮೂರೂ ಕಡೆ ಕೋಟು, ಪ್ಯಾಂಟು, ಪರದೆ, ಹೊದಿಕೆಗಳು ಚೀಟಿ ಸಮೇತ ನೇತಾಡುತ್ತಿದ್ದವು. ಅವನ್ನೆಲ್ಲ ನೋಡಿ ನಿರೀಕ್ಷಕರು ಟೋಪಿ ತೆಗೆದು ಎದೆಗೆ ಒತ್ತಿ ಹಿಡಿದುಕೊಂಡರಂತೆ. ಯಾಕೆಂದು ಅತ್ತೆಗೆ ಆಗ ತಿಳಿಯಲಿಲ್ಲ. ಸೆಖೆಗಿರಬೇಕು ಅಂದುಕೊಂಡರು. ಮುಂದಿನದನ್ನು ನಾನು ಹಂಡೆಯ ಪಕ್ಕದಲ್ಲೇ ನಿಂತು ಕಿವಿಯಾರೆ ಕೇಳಿದ್ದೇನೆ.

"ಅಮ್ಮಾ, ಇಲ್ಲಿ ಡೈ ಎಲ್ಲಿ ಆಗುತ್ತೆ?"

"ಹಿಂದುಗಡೆ ಕಣಪ್ಪಾ. ಮೂರು ಹಂಡೆ ಇದಾವೆ."

"ಹಂಡೆನಾ?"

"ಹ್ಞೂಂ. ದೊಡ್ಡದಾದ್ರೆ ಒಂದೊಂದೇ ಇಳಿಸ್ತೀವಿ. ಚಿಕ್ಕವಾದ್ರೆ ನಾಲ್ಕೈದು ಒಟ್ಟಿಗೇ ಅದ್ದಿಬಿಡ್ತೀವಿ."

ನಿರೀಕ್ಷಕರ ಪೆನ್ನು ಕಾಗದದ ಮೇಲೆ ಕರಕರ ಎನ್ನುತ್ತಿದ್ದದ್ದು ನಿಂತಿತು.

"ದಿನಕ್ಕೆ... ಎಷ್ಟು ಡೈ ಆಗುತ್ತೆ?"

"ಮೂವತ್ತು, ನಲವತ್ತು. ಶಾಲೆ ಶುರುವಾಗೋಕೆ ಮುಂಚೆ ನೂರು ದಾಟುತ್ತೆ. ಮಕ್ಕಳದ್ದು ಬೇಗ ಆಗೋಗುತ್ತೆ, ತೊಂದ್ರೆ ಇಲ್ಲ."

"ಆಮೇಲೆ ಏನ್ ಮಾಡ್ತೀರಾ?"

"ಮಾಡೋದೇನು? ಚೆನ್ನಾಗಿ ಹಿಂಡಿ ಹಗ್ಗದ ಮೇಲೆ ಹಾಕ್ತೀವಿ. ಬಿಸಿಲಿಗಲ್ಲ, ನೆರಳಲ್ಲಿ. ಬಿಸಿಲಿಗೆ ಹಾಕಿದ್ರೆ ಬಿಳಚಿಕೊಳ್ತವೆ."

"ಸಂಬಂಧಪಟ್ಟವ್ರು ಬಂದ್ರೆ?"

"ಚೀಟಿ ತೋರಿಸಿದ್ರೆ ಮಡಚಿ ಕಾಗದದಲ್ಲಿ ಸುತ್ತಿ ಕೊಡ್ತೀವಿ. ಕೆಲವ್ರು ಬರೋದೇ ಇಲ್ಲಪ್ಪಾ, ಮರೆತೇ ಹೋಗ್ತಾರೆ. ಆರು ತಿಂಗಳು ಕಾಯ್ತೀವಿ. ಆಮೇಲೆ ಹರಿದು ನೆಲ ಒರೆಸೋಕೆ ಇಟ್ಕೋತೀವಿ. ಬಾ, ಒಳಗೆ ಬಂದು ನೋಡು."

"ಬೇಡ ಬೇಡ ಬೇಡ."

ನಾನು ಕೈ ಒರೆಸಿಕೊಂಡು ಮುಂದೆ ಬರುವಷ್ಟರಲ್ಲಿ ಅವರು ಬೀದಿಯ ತಿರುವಿನಲ್ಲಿದ್ದರು. ಛತ್ರಿ ನಮ್ಮಲ್ಲೇ ಉಳಿಯಿತು, ಇಂದಿಗೂ ಇದೆ. ಅತ್ತೆ, "ಪಾಪ, ಏನೋ ಹೊಟ್ಟೆ ಕೆಟ್ಟಿರ್ಬೇಕು ಕಣೇ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು" ಎಂದರು. ಆ ಮನುಷ್ಯ ನಿಮಗೆ ಏನು ವರದಿ ಕೊಟ್ಟರೋ ನನಗೆ ಗೊತ್ತಿಲ್ಲ. ಆದರೆ ಮಾನ್ಯರೇ, ಅಂಥ ವರದಿ ಕೈಗೆ ಬಂದ ಮೇಲೂ ಪೊಲೀಸರನ್ನು ಕಳಿಸದೆ ಕಡತದೊಳಗೆ ಇಟ್ಟು ದಾರ ಕಟ್ಟಿದ ನಿಮ್ಮ ಗುಂಡಿಗೆಯನ್ನು ಮೆಚ್ಚಲೇಬೇಕು.

ಆಮೇಲೆ ಫೋನುಗಳು ಶುರುವಾದವು. ನಮಗೆ ಫೋನು ಬಂದರೆ ನಾವು ಕೇಳುವ ಪ್ರಶ್ನೆ ಎರಡೇ: ಎಷ್ಟಿವೆ, ಯಾವ ಬಣ್ಣ. ಒಂದು ಬೆಳಿಗ್ಗೆ ಒಬ್ಬರು ಹೆಂಗಸು ಫೋನು ಮಾಡಿ, "ನಿಮ್ಮಲ್ಲಿ ಜಾಗ ಇದೆಯಾ?" ಎಂದು ಸಣ್ಣ ದನಿಯಲ್ಲಿ ಕೇಳಿದರು. ಇದೆ, ತನ್ನಿ ಎಂದೆ. "ನಮ್ಮಪ್ಪ. ಡಾಕ್ಟ್ರು ಇನ್ನು ಹೆಚ್ಚು ದಿನ ಇಲ್ಲ ಅಂದಿದ್ದಾರೆ" ಎಂದರು. ನಾನು ಇನ್ನೊಂದು ಕೈಯಲ್ಲಿ ಬಣ್ಣದ ಪುಡಿ ಅಳೆಯುತ್ತಿದ್ದೆ, ಅರ್ಧ ಕೇಳಿಸಿತು, ಅರ್ಧ ಇಲ್ಲ. "ಅಪ್ಪಂದಾ? ಕಪ್ಪು ಹಾಕಿಬಿಡೋಣ ಬಿಡಿ, ಕಲೆ ಕಾಣಲ್ಲ" ಎಂದೆ. ಅವರು ಫೋನು ಇಟ್ಟೇಬಿಟ್ಟರು. ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಈಗ ನೆನೆದರೆ ನನ್ನ ನಾಲಿಗೆಯನ್ನೇ ಹಂಡೆಗೆ ಹಾಕಿ ಕುದಿಸಬೇಕು ಅನಿಸುತ್ತದೆ.

ವಿಷಯ ಬಯಲಾದದ್ದು ಒಂದು ಬುಧವಾರ ಮಧ್ಯಾಹ್ನ. ಕೈಯಲ್ಲಿ ಒಂದು ಸಣ್ಣ ಚೀಲ ಹಿಡಿದ, ಬೂದು ಕೋಟು ತೊಟ್ಟ ಹಿರಿಯರೊಬ್ಬರು ಬಾಗಿಲಲ್ಲಿ ನಿಂತರು. ಒಳಗೆ ಬರುವ ಮುಂಚೆ ಕಾಲು ಚೆನ್ನಾಗಿ ಒರೆಸಿಕೊಂಡರು. ನಿಮ್ಮ ಕಚೇರಿಯ ಮೊಹರು ಬಿದ್ದ ಚೀಟಿಯೊಂದನ್ನು ಅತ್ತೆಯ ಮುಂದೆ ಇಟ್ಟರು.

"ನಮಸ್ಕಾರ. ನಾನು ಡೈಯಿಂಗ್‌ಗೆ ಬಂದಿದ್ದೀನಿ."

ಅತ್ತೆ ಚೀಟಿ ನೋಡಲಿಲ್ಲ. ಕೋಟನ್ನು ನೋಡಿದರು. "ಬಿಚ್ಚಿ ಕೊಡಿ ಯಜಮಾನ್ರೇ."

ಅವರು ತುಸು ಗಾಬರಿಯಾದರೂ ಕೋಟು ಬಿಚ್ಚಿ ಕೊಟ್ಟರು. "ಎಷ್ಟು ಹೊತ್ತಾಗುತ್ತೆ ಅಮ್ಮಾ?"

"ಇವತ್ತು ಬಿಟ್ಟು ಹೋದ್ರೆ ಶುಕ್ರವಾರಕ್ಕೆ ಮುಗಿಯುತ್ತೆ."

"ಶುಕ್ರವಾರಕ್ಕೇ? ಡಾಕ್ಟ್ರು ಇನ್ನೂ ಕೆಲವು ತಿಂಗಳು ಅಂದಿದ್ರು."

"ಡಾಕ್ಟ್ರಿಗೇನು ಗೊತ್ತು? ನಾವು ಐವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀವಿ."

ಹಿರಿಯರು ದನಿ ತಗ್ಗಿಸಿದರು. "ನೋವಾಗುತ್ತಾ?"

"ನೋವೇನಿಲ್ಲ. ತೋಳಿನ ಹತ್ರ ಒಂಚೂರು ಕುಗ್ಗಬಹುದು ಅಷ್ಟೇ."

ನಾನು ಓಡಿ ಬಂದೆ. ಅಷ್ಟರಲ್ಲಿ ಅವರ ಕಣ್ಣು ಗೋಡೆಯ ಮೇಲಿನ ಪರವಾನಗಿಗೆ ಹೋಗಿತ್ತು. ಕನ್ನಡಕ ಹಣೆಗೇರಿಸಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ಓದಿದರು. ಆಮೇಲೆ ಸುತ್ತಲಿನ ಕೋಟು ಪರದೆಗಳನ್ನು ನೋಡಿದರು. ನನ್ನ ಮೊಣಕೈತನಕ ಏರಿದ್ದ ಕಂದು ಬಣ್ಣವನ್ನು ನೋಡಿದರು. ಮತ್ತೆ ಪರವಾನಗಿಯನ್ನು ನೋಡಿದರು. ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದು ನಾನು ನೀರು ತರಲು ತಿರುಗಿದೆ. ಅವರು ನಗುತ್ತಿದ್ದರು. ಸ್ಟೂಲಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಅಯ್ಯೋ, ಒಂದು 'ಇ' ಬಿಟ್ಟುಹೋಗಿದೆ ತಾಯೀ! ಒಂದೇ ಒಂದು 'ಇ'!"

ಅವರು ನಲವತ್ತೊಂದು ವರ್ಷ ಅಚ್ಚುಮನೆಯೊಂದರಲ್ಲಿ ಕರಡು ತಿದ್ದುವ ಕೆಲಸ ಮಾಡಿದವರು. ಹಾಗೆಂದು ಹೇಳಿಕೊಂಡಾಗ ಅತ್ತೆಯ ಎಡಗಿವಿ ಅವರ ಕಡೆಗಿತ್ತು. "ಕರಡಿ ತಿದ್ದುತ್ತಿದ್ರಾ? ಅಷ್ಟು ವರ್ಷ ಭಯ ಆಗ್ಲಿಲ್ವಾ?" ಎಂದು ಕಣ್ಣರಳಿಸಿದರು. ಆವತ್ತಿನಿಂದ ಅವರು ನಮ್ಮ ಬೀದಿಗೆಲ್ಲ ಕರಡಿ ಅಜ್ಜ. ಈ ತಪ್ಪನ್ನು ತಿದ್ದಲು ಅವರಿಗೇ ಮನಸ್ಸಾಗಲಿಲ್ಲ.

ಅವರು ನಮ್ಮಲ್ಲಿಗೆ ಬಂದ ಕಾರಣವನ್ನೂ ಹೇಳಬೇಕು. ಹೃದಯ ದುರ್ಬಲವಾಗಿದೆ ಎಂದು ಡಾಕ್ಟರು ಹೇಳಿದ್ದರು. ಹಿಂದೆಮುಂದೆ ಯಾರಿಲ್ಲ. ವಾಸ ಮೂರನೆಯ ಮಹಡಿಯ ಬಾಡಿಗೆ ಕೋಣೆಯಲ್ಲಿ. ಮೆಟ್ಟಿಲು ಎಷ್ಟು ಕಿರಿದೆಂದರೆ ಬೀರು ಸಾಗಿಸುವಾಗಲೇ ಎರಡು ತಿರುವಿನಲ್ಲಿ ಸಿಕ್ಕಿಕೊಂಡಿತ್ತಂತೆ. "ನನ್ನನ್ನ ಇಳಿಸೋಕೆ ಮನೆ ಯಜಮಾನಿ ಎಷ್ಟು ಕಷ್ಟ ಪಡಬೇಕೋ ಅಂತ ಯೋಚನೆ ಆಯ್ತು. ನೆಲಮಹಡಿಯಲ್ಲಿ ಎಲ್ಲಾದ್ರೂ ಹೋಗಿರೋಣ ಅಂತ ಪರವಾನಗಿ ಕಚೇರಿಗೆ ಹೋದೆ. ಹಲಗೆ ಮೇಲೆ ಪಟ್ಟಿ ಹಾಕಿದ್ರು, ಪಟ್ಟಿಯಲ್ಲಿ ಒಂದೇ ಹೆಸರಿತ್ತು, ನಿಮ್ಮದು. ಅರ್ಜಿ ತುಂಬಿದೆ, ಚೀಟಿ ಕೊಟ್ರು" ಎಂದರು. ಯಾವುದೋ ಊರಿಗೆ ಬಸ್ಸು ಹಿಡಿಯುವ ವಿಷಯ ಹೇಳುವ ಹಾಗೆ ಹೇಳಿದರು. ಅತ್ತೆಗೆ ಅಷ್ಟು ಹೊತ್ತಿಗೆ ಎಲ್ಲ ಅರ್ಥವಾಗಿತ್ತು. ಅವರು ಎದ್ದು, ಬಾಗಿಲ ಬಳಿ ಇಟ್ಟಿದ್ದ ಚೀಲವನ್ನು ಎತ್ತಿ ತಮ್ಮ ಕುರ್ಚಿಯ ಹಿಂದೆ ಇಟ್ಟುಕೊಂಡರು.

"ಸಾಯೋದಿರ್ಲಿ ಯಜಮಾನ್ರೇ, ನಿಮ್ಗೆ ಅಕ್ಷರ ಚೆನ್ನಾಗಿ ಬರುತ್ತಾ? ನನ್ನ ಸೊಸೆ ಬರೆದ ಚೀಟಿ ನಾಯಿ ಕೆರೆದಂಗಿರುತ್ತೆ. ಮೊನ್ನೆ ಬ್ಯಾಂಡಿನವ್ರ ಕೋಟೆಲ್ಲಾ ಡಾಕ್ಟ್ರ ಮನೆಗೆ ಹೋಗಿಬಿಟ್ಟವು. ಸಂಜೆ ತನಕ ಕೂತು ಇವನ್ನ ಬರೆದು ಕೊಡಿ ನೋಡೋಣ."

ಸಂಜೆ ತನಕ ಎಂದದ್ದು ಈಗ ಏಳು ತಿಂಗಳಾಯಿತು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಾರೆ. ಮೆಟ್ಟಿಲು ಇಳಿದು ಹತ್ತುವ ಕಷ್ಟಕ್ಕೆ ನನ್ನ ಗಂಡ ಒಂದು ಉಪಾಯ ಮಾಡಿ, ನಮ್ಮ ಅಂಗಡಿಯ ಪಕ್ಕದ ಉಗ್ರಾಣವನ್ನು ಖಾಲಿ ಮಾಡಿ ಸುಣ್ಣ ಹೊಡೆಸಿ ಅವರಿಗೆ ಕೊಟ್ಟರು. ಅವರ ಬೂದು ಕೋಟಿಗೆ ಅತ್ತೆ ತಮ್ಮ ಕೈಯಾರೆ ಗಾಢ ನೀಲಿ ಹಾಕಿದರು. ತೋಳು ಒಂಚೂರು ಕುಗ್ಗಿತು. ಅತ್ತೆ ಮೊದಲೇ ಹೇಳಿದ್ದರಲ್ಲ.

ಈಗ ನಮ್ಮ ಪತ್ರಗಳ ವಿಷಯಕ್ಕೆ ಬರುತ್ತೇನೆ. ಮೊದಲ ಪತ್ರವನ್ನು ಕರಡಿ ಅಜ್ಜನೇ ಬರೆದರು. ಅಂಥ ಇಂಗ್ಲಿಷು ನಿಮ್ಮ ಕಚೇರಿಯ ಹೊಸ್ತಿಲು ಹಿಂದೆಂದೂ ದಾಟಿರಲಾರದು. ಪದ ಯಾವುದು, ಅದರಲ್ಲಿ ಏನು ಬಿಟ್ಟುಹೋಗಿದೆ, ಎಲ್ಲಿ ಸೇರಿಸಬೇಕು ಎಂದು ಬಾಣದ ಗುರುತು ಹಾಕಿ ತೋರಿಸಿದ್ದರು. ಎರಡು ತಿಂಗಳು ಮೌನ. ಎರಡನೆಯ ಪತ್ರಕ್ಕೆ ನಮ್ಮ ಅರ್ಜಿ ಸಂಬಂಧಪಟ್ಟ ವಿಭಾಗಕ್ಕೆ ಹೋಗಿದೆ ಎಂದು ಉತ್ತರ ಬಂತು. ಸಂಬಂಧಪಟ್ಟ ವಿಭಾಗ ಸ್ಮಶಾನಗಳದ್ದು. ಮೂರನೆಯದಕ್ಕೆ ಕೊನೆಗೂ ತಮ್ಮ ಸಹಿ ಇದ್ದ ಕರೆಯೋಲೆ ಬಂತು. ಅಜ್ಜ ಅದನ್ನು ಓದುತ್ತಾ ಓದುತ್ತಾ ಹುಬ್ಬು ಮೇಲೇರಿಸಿದರು.

"ಇದರಲ್ಲಿ ಒಂದು ವೀಕ್ ಒಳಗೆ ಬನ್ನಿ ಅಂತಿದೆ. ಆದ್ರೆ ವಾರದ ವೀಕ್ ಅಲ್ಲ, ಬಲ ಇಲ್ಲದ ವೀಕ್ ಬರೆದಿದ್ದಾರೆ. ಒಂದು ದುರ್ಬಲದೊಳಗೆ ಬರಬೇಕು."

"ನಿಮ್ಮ ಹೃದಯದ ವಿಷಯ ಅವ್ರಿಗೂ ಗೊತ್ತಾಗಿದೆ ಅಂತಾಯ್ತು" ಎಂದರು ಅತ್ತೆ.

"ಇನ್ನೊಂದಿದೆ. ನಿಮ್ಮ ಪ್ರೆಸೆಂಟ್ಸ್ ಅಗತ್ಯ ಅಂತ ಬರೆದಿದ್ದಾರೆ."

"ಹಾಗಂದ್ರೆ?"

"ಹಾಜರಾತಿ ಅನ್ನೋಕೆ ಪ್ರೆಸೆನ್ಸ್ ಅಂತ ಬರೀಬೇಕು. ಇವ್ರು ಬರೆದಿರೋದು ಉಡುಗೊರೆ."

ಹಾಜರಾಗಿ ಎಂಬುದೇ ಅವರ ಮಾತಿನ ಅರ್ಥವಿರಬೇಕು ಎಂದು ನಾನು ವಾದಿಸಿದೆ. ಅಜ್ಜ ಒಪ್ಪಲಿಲ್ಲ. "ಕರಡು ತಿದ್ದುವವ್ನು ಬರೆದದ್ದನ್ನ ಓದಬೇಕೇ ಹೊರತು ಬರೆದವ್ನ ಮನಸ್ಸನ್ನ ಓದಬಾರದು" ಎಂದರು. ಅತ್ತೆಯೂ ಅವರ ಕಡೆ ಸೇರಿದರು. ದೊಡ್ಡ ಅಧಿಕಾರಿ ಬಾಯಿಬಿಟ್ಟು ಕೇಳಿರುವಾಗ ಬರಿಗೈಯಲ್ಲಿ ಹೋಗುವುದೇ? ನಮ್ಮಲ್ಲಿ ಅತ್ಯುತ್ತಮವಾಗಿ ಮೂಡಿಬಂದಿದ್ದ ನೇರಳೆ ಬಣ್ಣದ ಉಣ್ಣೆ ಶಾಲೊಂದನ್ನು ಕಾಗದದಲ್ಲಿ ಸುತ್ತಿ, ಮೂವರೂ ತಮ್ಮ ಕೊಠಡಿಗೆ ಬಂದೆವು. ಆಮೇಲೆ ನಡೆದದ್ದು ತಮಗೆ ಗೊತ್ತಿದೆ. ಊರಿನವರಿಗೆ ಗೊತ್ತಿಲ್ಲವಾದ್ದರಿಂದ ಬರೆಯುತ್ತೇನೆ.

ತಾವು ಪೊಟ್ಟಣ ಬಿಚ್ಚಿ, "ಇದೇನಿದು?" ಎಂದು ಕೇಳಿದಿರಿ.

"ಪ್ರೆಸೆಂಟ್ಸ್ ಸ್ವಾಮೀ. ನೀವೇ ಕೇಳಿದ್ರಲ್ಲಾ" ಎಂದರು ಅತ್ತೆ.

"ನಾನು ಕೇಳಿದ್ನಾ? ಲಂಚ ಕೊಡೋಕೆ ಬಂದಿದ್ದೀರಾ? ಅದೂ ನನ್ನ ಮುಂದೆ, ಗುಮಾಸ್ತರ ಎದುರಿಗೆ?"

"ಹಿಂದಿನ ಬಾಗಿಲಿಂದ ಬರಬೇಕಿತ್ತಾ? ಕಾಗದದಲ್ಲಿ ಹಾಗೇನೂ ಬರೆದಿರಲಿಲ್ಲ."

ಅಜ್ಜ ಕರೆಯೋಲೆ ತೆಗೆದು ಮೇಜಿನ ಮೇಲಿಟ್ಟು, ಆ ಪದದ ಕೆಳಗೆ ಬೆರಳಿಟ್ಟು ತೋರಿಸಿದರು. ತಾವು ಓದಿದಿರಿ. ಗುಮಾಸ್ತರೂ ಬಗ್ಗಿ ಓದಿದರು. "ಸರಿಯಾಗೇ ಇದೆಯಲ್ಲಾ" ಎಂದಿರಿ. ಅಜ್ಜ ಹಾಗಾದರೆ ಶಾಲು ತೆಗೆದುಕೊಳ್ಳಿ ಎಂದರು. ತಮ್ಮ ಮುಖ ಮೊದಲು ಗುಲಾಬಿ, ಆಮೇಲೆ ಕೆಂಪು, ಆಮೇಲೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಹೊರಗೆ ಬರುವಾಗ ಅತ್ತೆ ನನ್ನ ಕಿವಿಯಲ್ಲಿ, "ಆ ಕೆಂಪು ನಮ್ಮ ಹಂಡೆಯಲ್ಲಿ ಎಷ್ಟು ಕುದಿಸಿದ್ರೂ ಬರಲ್ಲ ಕಣೇ. ಯಾವ ಪುಡಿ ಅಂತ ಕೇಳಿಕೊಂಡು ಬರ್ಲಾ?" ಎಂದರು. ಕಾರಿಡಾರಿನ ಗೋಡೆಗೆ ಒರಗಿ ಮೂವರೂ ನಕ್ಕದ್ದು ಒಳಗೆ ಕೇಳಿಸಿದ್ದರೆ ಕ್ಷಮೆಯಿರಲಿ.

ನಕ್ಕದ್ದು ದುಬಾರಿಯಾಯಿತು. ನಾಲ್ಕನೆಯ ಪತ್ರಕ್ಕೆ ಉತ್ತರವಾಗಿ ಹೊರಟದ್ದು ಅಂಗಡಿಗೆ ಬೀಗಮುದ್ರೆ ಹಾಕುವ ಆದೇಶ. ಗುರುವಾರ ಬೆಳಿಗ್ಗೆ ನಿಮ್ಮ ಜನ ಬರುತ್ತಾರೆಂದು ಗುಮಾಸ್ತರು ಬುಧವಾರವೇ ಫೋನಿನಲ್ಲಿ ಹೇಳಿದ್ದರು, ಆದೇಶದ ಪ್ರತಿ ಮಾತ್ರ ಇನ್ನೂ ನಮ್ಮ ಕೈ ಸೇರಿರಲಿಲ್ಲ. ಮಾನ್ಯರೇ, ಆ ದಿನ ನಮಗೆ ನಗು ಬರಲಿಲ್ಲ. ಹಂಡೆಗಳಲ್ಲಿ ಆಸ್ಪತ್ರೆಯ ಪರದೆಗಳಿದ್ದವು, ಅರ್ಧ ಹಸಿರು ಹಿಡಿದಿತ್ತು. ಬೀಗ ಬಿದ್ದರೆ ಬಟ್ಟೆ ಅಲ್ಲೇ ಕೊಳೆಯುತ್ತಿತ್ತು. ಐವತ್ತು ವರ್ಷದ ಗಿರಾಕಿಗಳು ಬೇರೆ ಬೀದಿ ನೋಡಿಕೊಳ್ಳುತ್ತಿದ್ದರು. ನನ್ನ ಗಂಡ ಕೆಲಸಕ್ಕೆ ರಜೆ ಹಾಕಿ ಬಂದು ಹಂಡೆಯ ಪಕ್ಕ ಸುಮ್ಮನೆ ನಿಂತಿದ್ದರು. ಕೈಯಲ್ಲಿ ಕೋಲಿತ್ತು, ಕಲಕುತ್ತಿರಲಿಲ್ಲ. ಕರಡಿ ಅಜ್ಜ, "ಇಷ್ಟಕ್ಕೆಲ್ಲಾ ನಾನೇ ಕಾರಣ. ನಾನೊಬ್ಬ ಸತ್ತುಬಿಟ್ರೆ ಲೆಕ್ಕ ಸರಿಹೋಗುತ್ತೇನೋ" ಎಂದುಬಿಟ್ಟರು. ಅತ್ತೆ ಅವರ ಕಡೆ ತಿರುಗಿ, "ಅಷ್ಟು ಪುರುಸೊತ್ತಿದ್ರೆ ಆ ಪರದೆ ಹಿಂಡೋಕೆ ಒಂದು ತುದಿ ಹಿಡ್ಕೊಳ್ಳಿ" ಎಂದರು. ಅವರು ಹಿಡಿದುಕೊಂಡರು.

ಹತ್ತು ಗಂಟೆಗೆ ನಿಮ್ಮ ಗಾಡಿ ಬಂತು. ನಾಲ್ಕು ಜನ ಇಳಿದರು. ಅತ್ತೆ ಹೊಸ್ತಿಲ ಮೇಲೆ ಅಡ್ಡ ಕೂತು, "ನನ್ನ ದಾಟಿ ಹೋಗಿ ಸೀಲ್ ಹಾಕಿ, ಅದ್ಯಾವ ಗಂಡ್ಸು ನೋಡ್ತೀನಿ" ಎಂದು ಗುಡುಗಿದರು. ಮುಂದಿದ್ದ ಮೇಸ್ತ್ರಿ ಕಕ್ಕಾಬಿಕ್ಕಿಯಾದ.

"ಸೀಲ್ ಯಾಕಮ್ಮಾ ಹಾಕ್ಲಿ? ನಾವು ಸೀಲಿಂಗ್ ಮಾಡೋಕೆ ಬಂದೋರು. ಬಿಳಿ ಹಲಗೆ ಹಾಕೋದಾ, ಕೆನೆ ಬಣ್ಣದ್ದಾ, ಅದ್ಹೇಳಿ."

ಅವನ ಹಿಂದೆ ಏಣಿ ಇತ್ತು, ಹಲಗೆಗಳಿದ್ದವು, ಮೊಳೆಯ ಡಬ್ಬಿ ಇತ್ತು. ಆದೇಶದ ಪ್ರತಿ ಅವನ ಜೇಬಿನಲ್ಲಿತ್ತು. ಅಜ್ಜ ಅದನ್ನು ಬಿಡಿಸಿ ಓದಿದರು. ಬೀಗಮುದ್ರೆಯ ಸೀಲಿಂಗ್ ಇಂಗ್ಲಿಷಿನಲ್ಲಿ 'ಎಸ್'ನಿಂದ ಶುರುವಾಗುತ್ತದೆ. ಒಳಮಾಡಿನ ಸೀಲಿಂಗ್ 'ಸಿ'ಯಿಂದ. ತಮ್ಮ ಸಹಿಯ ಮೇಲೆ, ಮೊಹರಿನ ಪಕ್ಕದಲ್ಲಿ, ದೊಡ್ಡದಾಗಿ ಕೂತಿದ್ದದ್ದು 'ಸಿ'. ಅಜ್ಜ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮೇಸ್ತ್ರಿಗೆ ವಾಪಸು ಕೊಟ್ಟರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಸರಿಯಾಗಿದೆ. ಕೆನೆ ಬಣ್ಣದ್ದೇ ಹಾಕಿ" ಎಂದರು. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ, "ನಲವತ್ತೊಂದು ವರ್ಷದಲ್ಲಿ ಗೊತ್ತಿದ್ದೂ ಬಿಟ್ಟ ತಪ್ಪು ಇದೊಂದೇ ಮಗಳೇ" ಎಂದರು.

ಮೂರು ದಿನ ಕೆಲಸ ನಡೆಯಿತು. ನಮ್ಮ ಹಳೆಯ ಒಳಮಾಡಿನ ಗಾರೆ ಉದುರಿ ತಿಳಿ ಬಣ್ಣದ ಹಂಡೆಗೆ ಬೀಳುತ್ತಿದ್ದದ್ದು ಎಷ್ಟು ವರ್ಷದ ಪೀಡೆ! ದುರಸ್ತಿ ಮಾಡಿಕೊಡಿ ಎಂದು ಕೈ ಮುಗಿದು ಕೇಳಿದ್ದರೂ ಯಾವ ಕಚೇರಿಯೂ ಮಾಡಿಕೊಡುತ್ತಿರಲಿಲ್ಲ. ನೀವು ಶಿಕ್ಷೆಯಾಗಿ ಮಾಡಿಕೊಟ್ಟಿರಿ. ಈಗ ನಮ್ಮ ತಿಳಿಹಳದಿ ಹಳದಿಯಾಗಿಯೇ ಬರುತ್ತದೆ, ಮೈಮೇಲೆ ದಡಾರ ಎದ್ದಂತೆ ಚುಕ್ಕೆಗಳಿಲ್ಲ. ಈ ಗುಟ್ಟನ್ನು ನಾನೇ ಬಾಯಿಬಿಟ್ಟು ಹೇಳುತ್ತಿದ್ದೇನೆ, ಯಾಕೆಂದರೆ ಬೇರೆಯವರ ತಪ್ಪನ್ನು ಬಹಿರಂಗ ಮಾಡುವವಳು ಅದರಿಂದ ತನಗಾದ ಲಾಭವನ್ನು ಬಚ್ಚಿಡಬಾರದು. ಒಳಮಾಡು ಕಿತ್ತುಕೊಂಡು ಹೋಗುವುದಾದರೆ ಬನ್ನಿ. ಆ ಆದೇಶವನ್ನು ಹೊರಡಿಸುವ ಮುಂಚೆ ಒಮ್ಮೆ ಅಜ್ಜನಿಗೆ ತೋರಿಸಿದರೆ ಒಳ್ಳೆಯದು. ಏನು ಬರೆದು ಇನ್ನೇನು ಕಟ್ಟಿಸಿಬಿಡುತ್ತೀರೋ ಎಂಬ ಭಯ ನಿಮ್ಮ ಬಗ್ಗೆಯೇ ನನಗಿದೆ.

ಇಷ್ಟಾದ ಮೇಲೆ ಬಂದದ್ದು ಸೋಮವಾರದ ನೋಟಿಸು. ನಮ್ಮ ಅಂಗಡಿಯಲ್ಲಿ ಯಾಕೆ ಯಾರೂ ಸತ್ತಿಲ್ಲ?

ಉತ್ತರ ಹೇಳುತ್ತೇನೆ. ಪ್ರವೇಶ ಪಡೆದವರು ಒಬ್ಬರೇ. ಅವರಿಗೆ ಬಿಡುವಿಲ್ಲ. ಬೆಳಿಗ್ಗೆಯೆಲ್ಲ ಚೀಟಿ ಬರೆಯುತ್ತಾರೆ, ಬೀದಿಯ ಅಂಗಡಿಗಳ ಬೋರ್ಡಿನ ಕಾಗುಣಿತ ತಿದ್ದುತ್ತಾರೆ, ಅತ್ತೆಯ ಜೊತೆ ದಿನಕ್ಕೆ ಎರಡು ಸಲ ಜಗಳ ಆಡುತ್ತಾರೆ. ಡಾಕ್ಟರು ಮೊನ್ನೆ ಅವರ ಎದೆಗೆ ಕೊಳವೆ ಇಟ್ಟು ನೋಡಿ, "ಹೃದಯ ಹಾಗೇ ಇದೆ, ಆದ್ರೆ ನೀವು ಹಾಗಿಲ್ಲ" ಎಂದರಂತೆ. ಇದನ್ನು ನಿಮ್ಮ ನಮೂನೆಯಲ್ಲಿ ಯಾವ ಕಾಲಮ್ಮಿಗೆ ತುಂಬಲಿ?

ಇನ್ನೊಂದು ವಿಷಯವಿದೆ, ಇದನ್ನು ನಗದೆ ಕೇಳಬೇಕು. ಆ ಫೋನುಗಳು ನಿಂತಿಲ್ಲ. ತಿಂಗಳಿಗೆ ಹತ್ತು, ಹನ್ನೆರಡು ಬರುತ್ತವೆ. ವಿಷಯ ತಿಳಿದ ಮೇಲೆ ನಾನು ಎಲ್ಲರಿಗೂ ಕ್ಷಮೆ ಕೇಳಿ, ಇದು ಬಟ್ಟೆಯ ಅಂಗಡಿ ಎಂದು ಹೇಳುತ್ತೇನೆ. ಆ ಕಡೆಯವರು "ಹಾಗಾದ್ರೆ ಎಲ್ಲಿಗೆ ಕರ್ಕೊಂಡು ಹೋಗ್ಲಿ?" ಎಂದು ಕೇಳುತ್ತಾರೆ. ಎಲ್ಲರೂ ಇದೇ ಮಾತು ಕೇಳುತ್ತಾರೆ. ಅಪ್ಪನಿಗೆ ಕಪ್ಪು ಬಣ್ಣ ಹಾಕೋಣ ಎಂದು ನಾನು ಹೇಳಿದ್ದೆನಲ್ಲ, ಆ ಹೆಂಗಸಿನ ನಂಬರನ್ನು ಹುಡುಕಿ ತೆಗೆದು ನಾನೇ ಫೋನು ಮಾಡಿದೆ. ಅವರು ಬೈಯಲಿಲ್ಲ. ನಕ್ಕರು. ಅವರಪ್ಪನಿಗೂ ಆ ಮಾತು ಹೇಳಿದ್ದರಂತೆ, ಆತನೂ ನಕ್ಕಿದ್ದರಂತೆ. ಒಬ್ಬಳೇ ಮಗಳು, ಬ್ಯಾಂಕಿನಲ್ಲಿ ಕೆಲಸ, ಹಗಲು ಅಪ್ಪನ ಬಳಿ ಕೂರುವವರಿಲ್ಲ. ಕರಡಿ ಅಜ್ಜ ತಮ್ಮ ನೀಲಿ ಕೋಟು ಹಾಕಿಕೊಂಡು, "ನಾನು ಕೂರ್ತೀನಿ" ಎಂದು ಹೊರಟರು. ಮೂರು ತಿಂಗಳು ದಿನಾ ಮಧ್ಯಾಹ್ನ ಹೋಗಿ ಕೂತರು. ಪತ್ರಿಕೆಯಲ್ಲಿನ ಅಚ್ಚಿನ ತಪ್ಪುಗಳನ್ನು ಹುಡುಕಿ ಜೋರಾಗಿ ಓದಿ ಹೇಳುತ್ತಿದ್ದರಂತೆ. ಇಬ್ಬರು ಮುದುಕರು ನಗುವ ಸದ್ದಿಗೆ ಪಕ್ಕದ ಮನೆಯವರು ಕಿಟಕಿ ತೆರೆದು ನೋಡುತ್ತಿದ್ದರಂತೆ. ಕಳೆದ ತಿಂಗಳು ಆತ ಹೋದರು. ತಮ್ಮ ಮನೆಯಲ್ಲಿ, ತಮ್ಮ ಹಾಸಿಗೆಯಲ್ಲಿ, ಮಗಳ ಕೈ ಹಿಡಿದುಕೊಂಡು. ನಮ್ಮ ಅಂಗಡಿಯಲ್ಲಿ ಅಲ್ಲವಾದ್ದರಿಂದ ಆ ಸಾವು ನಮ್ಮ ಸಾಧನೆಗೆ ಸೇರುವುದಿಲ್ಲ ಎಂದು ಬಲ್ಲೆ. ಸೊನ್ನೆ ಸೊನ್ನೆಯಾಗಿಯೇ ಇರಲಿ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಮೊದಲು ಒಂದು ಪೆನ್ನು ತೆಗೆದುಕೊಂಡು ನಮ್ಮ 'ಇ'ಯನ್ನು ನಮಗೆ ಕೊಡಿ. ಗುಮಾಸ್ತರಿಗೆ ಹೇಳಬೇಡಿ, ಸಮಿತಿ ರಚಿಸಬೇಡಿ, ನೀವೇ ಬರೆಯಿರಿ. ಕಿವಿಯನ್ನು ನಂಬದೆ ಕಣ್ಣು ಬಿಟ್ಟು ಓದುವುದು ಹೇಗೆಂದು ನಿಮ್ಮ ಕಚೇರಿಯವರಿಗೆ ವಾರಕ್ಕೊಂದು ಗಂಟೆ ಕಲಿಸಲು ಕರಡಿ ಅಜ್ಜ ಸಿದ್ಧರಿದ್ದಾರೆ. ವಾರಕ್ಕೆ ಎಂದೆ, ದುರ್ಬಲಕ್ಕೆ ಅಲ್ಲ. ಆಮೇಲೆ ನಿಮ್ಮ ಹಲಗೆಯ ಮೇಲಿನ ಆ ಪಟ್ಟಿಯ ಮುಂದೆ ಹೋಗಿ ನಿಲ್ಲಿ. ಅಂತ್ಯಕಾಲದ ಆರೈಕೆ ಮನೆಗಳು ಎಂಬ ತಲೆಬರಹದ ಕೆಳಗೆ ಇಷ್ಟು ದೊಡ್ಡ ಊರಿಗೆ ಇರುವುದು ಒಂದೇ ಹೆಸರು, ಅದೂ ಕಾಗುಣಿತದ ತಪ್ಪಿನಿಂದ ಬಂದದ್ದು. ಅದನ್ನು ಅಳಿಸಿದ ಮೇಲೆ ಉಳಿಯುವ ಬಿಳಿ ಜಾಗವನ್ನು ಒಂದು ನಿಮಿಷ ನೋಡಿ. ಆಮೇಲೆ ನಮಗೆ ಬರುವ ಮುಂದಿನ ಫೋನಿಗೆ 'ಎಲ್ಲಿಗೆ' ಎಂಬುದಕ್ಕೆ ನಾನು ಏನು ಉತ್ತರ ಕೊಡಲಿ ಎಂದು ಎರಡೇ ಸಾಲಿನಲ್ಲಿ ಬರೆದು ಕಳಿಸಿ. ಅದರಲ್ಲಿ ಎಷ್ಟು ತಪ್ಪಿದ್ದರೂ ನಾವು ತಿದ್ದಿಕೊಂಡು ಓದುತ್ತೇವೆ.

ಇಂತಿ,
ಇಷ್ಟು ವರ್ಷದಲ್ಲಿ ಯಾರನ್ನೂ ಸಾಯಿಸಲು ಕಲಿಯದ,
ಮೊಣಕೈತನಕ ಹಸಿರಾಗಿರುವ ನಿಮ್ಮ ಪರವಾನಗಿದಾರಳು
(ಕರಡು ನೋಡಿದವರು: ಪ್ರವೇಶ ಪಡೆದವರು, ಸದ್ಯ ಊಟಕ್ಕೆ ಹೋಗಿದ್ದಾರೆ)